ಕ್ಷಯದ ರೋಗಾಣು ತೋರಿಸುವ ಹಳದಿ ಬಣ್ಣ: ಆರಮೈನ್ ಗುಣವೇನು, ಬಳಕೆ ಹೇಗೆ?

ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ವೈದ್ಯರು ಕಫ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಆ ಕಫ ಪ್ರಯೋಗಾಲಯ ತಲುಪಿದ ಮೇಲೆ ಅದರಲ್ಲಿ ಕ್ಷಯದ ರೋಗಾಣು ಇದೆಯೇ ಎಂದು ನೋಡಲು ಅನೇಕ ಕಡೆ ನೆರವಾಗುವುದು ಆರಮೈನ್ ಓ ಎಂಬ ಹಳದಿ ಬಣ್ಣ. ನೀಲಿ ಬೆಳಕು ಬಿದ್ದಾಗ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುವುದು ಇದರ ವಿಶೇಷ. ಹೀಗೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ.

ಬಟ್ಟೆಯಿಂದ ಪ್ರಯೋಗಾಲಯಕ್ಕೆ

ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಮರುವರ್ಷ, 1883ರಲ್ಲಿ, ಹೈನ್ರಿಕ್ ಕಾರೋ ಮತ್ತು ಆಲ್ಫ್ರೆಡ್ ಕೆರ್ನ್ ಆರಮೈನ್ ತಯಾರಿಸಿದರು. ಆದರೆ ಆಗ ಇವೆರಡಕ್ಕೂ ಸಂಬಂಧವಿರಲಿಲ್ಲ. ಆರಮೈನ್ ಬಳಕೆಯಾಗುತ್ತಿದ್ದುದು ಬಟ್ಟೆ, ಕಾಗದ, ಚರ್ಮಕ್ಕೆ ಬಣ್ಣ ಹಾಕಲು. ಕ್ಷಯದ ರೋಗಾಣು ನೋಡಲು ಅದನ್ನು ಬಳಸುವ ವಿಧಾನ ಬಂದದ್ದು 1930ರ ದಶಕದಲ್ಲಿ.

ಹೊಳೆಯುವುದು ಹೇಗೆ?

ನೀರಿನಲ್ಲಿ ಕರಗಿದ ಆರಮೈನ್ ಹೆಚ್ಚು ಹೊಳೆಯುವುದಿಲ್ಲ. ಹೀರಿದ ಶಕ್ತಿಯನ್ನು ಅದರ ಅಣು ತನ್ನ ಭಾಗಗಳನ್ನು ತಿರುಗಿಸುವುದರಲ್ಲೇ ಕಳೆದುಬಿಡುತ್ತದೆ. ಅಣು ಎಲ್ಲಾದರೂ ಬಿಗಿಯಾಗಿ ಸಿಕ್ಕಿಕೊಂಡರೆ ಈ ತಿರುಗಾಟ ನಿಲ್ಲುತ್ತದೆ, ಆ ಶಕ್ತಿ ಬೆಳಕಾಗಿ ಹೊರಬರುತ್ತದೆ.

ಕ್ಷಯದ ರೋಗಾಣುವಿನ ಹೊರಕವಚದಲ್ಲಿ ಮೈಕಾಲಿಕ್ ಆಮ್ಲ ಎಂಬ ಮೇಣದಂಥ ಪದಾರ್ಥ ಹೇರಳವಾಗಿದೆ. ಅದಕ್ಕೆ ಅಂಟಿದ ಆರಮೈನನ್ನು ಆಮ್ಲದಿಂದ ತೊಳೆದರೂ ಬಿಡಿಸಲಾಗದು. ಉಳಿದ ಹೆಚ್ಚಿನ ಬ್ಯಾಕ್ಟೀರಿಯಾಗಳು ಮತ್ತು ಕಫದ ಜೀವಕೋಶಗಳಿಂದ ಬಣ್ಣ ತೊಳೆದುಹೋಗುತ್ತದೆ. ಪರೀಕ್ಷೆಯ ಗುಟ್ಟು ಇರುವುದೇ ಇಲ್ಲಿ.

ಪರೀಕ್ಷೆಯ ಹಂತಗಳು

ಗಾಜಿನ ಸ್ಲೈಡಿನ ಮೇಲೆ ಕಫ ಸವರಿ, ಒಣಗಿಸಿ, ಬಿಸಿ ತಾಗಿಸುತ್ತಾರೆ. ಆಮೇಲೆ ಫಿನಾಲ್ ಬೆರೆತ ಆರಮೈನ್ ದ್ರಾವಣ ಸುರಿದು ಸುಮಾರು 20 ನಿಮಿಷ ಬಿಡುತ್ತಾರೆ. ಆಮ್ಲ ಬೆರೆಸಿದ ಆಲ್ಕೋಹಾಲಿನಿಂದ ತೊಳೆದು, ಕೊನೆಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುತ್ತಾರೆ. ಇದರಿಂದ ಹಿನ್ನೆಲೆ ಕಪ್ಪಾಗಿ, ರೋಗಾಣುಗಳು ಹೊಳೆಯುವ ಸಣ್ಣ ಕಡ್ಡಿಗಳಂತೆ ಎದ್ದು ಕಾಣುತ್ತವೆ.

ಹಳೆಯ ಝೀಲ್-ನೀಲ್ಸನ್ ವಿಧಾನದಲ್ಲಿ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳನ್ನು 1,000 ಪಟ್ಟು ಹಿಗ್ಗಿಸಿ ಹುಡುಕಬೇಕು. ಆರಮೈನ್ ಬಳಸಿದರೆ 200ರಿಂದ 400 ಪಟ್ಟು ಸಾಕು. ಒಂದೇ ನೋಟದಲ್ಲಿ ಸ್ಲೈಡಿನ ಹೆಚ್ಚು ಭಾಗ ಕಾಣುವುದರಿಂದ ಸಮಯ ಉಳಿಯುತ್ತದೆ. ಸರಾಸರಿ ಶೇ. 10ರಷ್ಟು ಹೆಚ್ಚು ಪ್ರಕರಣಗಳು ಪತ್ತೆಯಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ.

ಮೊದಲು ಇದಕ್ಕೆ ದುಬಾರಿ ಪಾದರಸ ದೀಪ ಮತ್ತು ಕತ್ತಲ ಕೋಣೆ ಬೇಕಿತ್ತು. ಎಲ್‌ಇಡಿ ದೀಪ ಬಂದ ಮೇಲೆ ಸಣ್ಣ ಪ್ರಯೋಗಾಲಯಗಳಿಗೂ ಇದು ಕೈಗೆಟುಕಿತು. ಝೀಲ್-ನೀಲ್ಸನ್ ಬದಲಿಗೆ ಎಲ್‌ಇಡಿ ಸೂಕ್ಷ್ಮದರ್ಶಕ ಬಳಸುವಂತೆ ಸೂಚಿಸುವ ನೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿತು.

ಇದು ಹೇಳದ ಸಂಗತಿಗಳು

ಹೊಳೆಯುವ ರೋಗಾಣು ಬದುಕಿದೆಯೇ, ಸತ್ತಿದೆಯೇ ಎಂಬುದನ್ನು ಆರಮೈನ್ ತಿಳಿಸುವುದಿಲ್ಲ. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬುದೂ ಗೊತ್ತಾಗದು. ಕ್ಷಯದ ರೋಗಾಣುವಿನ ಹತ್ತಿರದ ಜಾತಿಗಳೂ ಹಾಗೆಯೇ ಹೊಳೆಯುತ್ತವೆ. ಸ್ಲೈಡಿನ ಕಸವೂ ಕೆಲವೊಮ್ಮೆ ಹೊಳೆದು ದಾರಿ ತಪ್ಪಿಸುತ್ತದೆ. ಬೆಳಕಿಗೆ ಬಿದ್ದರೆ ಹೊಳಪು ಮಾಸುವುದರಿಂದ ಸ್ಲೈಡನ್ನು ಕತ್ತಲಲ್ಲಿಟ್ಟು ಬೇಗ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣುಗಳಿದ್ದರೆ ಮಾತ್ರ ಅವು ಸೂಕ್ಷ್ಮದರ್ಶಕದಲ್ಲಿ ಕಾಣಸಿಗುತ್ತವೆ. ಆದ್ದರಿಂದ ವರದಿ 'ನೆಗೆಟಿವ್' ಬಂದಿತೆಂದ ಮಾತ್ರಕ್ಕೆ ಕ್ಷಯ ಇಲ್ಲವೆಂದು ಅರ್ಥವಲ್ಲ. ಕೆಮ್ಮು, ಜ್ವರ, ತೂಕ ಇಳಿಕೆ ಮುಂದುವರಿದರೆ ಸಿಬಿನ್ಯಾಟ್‌ನಂಥ ಹೆಚ್ಚು ಸೂಕ್ಷ್ಮ ಪರೀಕ್ಷೆ ಅಥವಾ ಕಲ್ಚರ್ ಬಗ್ಗೆ ವೈದ್ಯರನ್ನು ಕೇಳಬೇಕು.

ತಿಂಡಿಗಲ್ಲ ಈ ಹಳದಿ

ಆರಮೈನ್ ವಿಷಕಾರಿ. ಇದರ ತಯಾರಿಕೆಯ ಕೆಲಸ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಹಾಗಾಗಿ ಪ್ರಯೋಗಾಲಯದಲ್ಲಿ ಕೈಗವಸು ಹಾಕಿಕೊಂಡೇ ಇದನ್ನು ಮುಟ್ಟಬೇಕು. ಭಾರತದಲ್ಲಿ ಆಹಾರಕ್ಕೆ ಅನುಮತಿ ಪಡೆದ ಕೃತಕ ಹಳದಿಗಳು ಟಾರ್ಟ್ರಜೀನ್ ಮತ್ತು ಸನ್‌ಸೆಟ್ ಯೆಲ್ಲೋ. ಆರಮೈನ್ ಆ ಪಟ್ಟಿಯಲ್ಲಿಲ್ಲ. ಸಿಹಿತಿಂಡಿಗೋ ಮಸಾಲೆಗೋ ಇದನ್ನು ಬೆರೆಸಿದರೆ ಅದು ಕಲಬೆರಕೆಯೇ.

ಕಫ ಕೊಡುವಾಗ ನೆನಪಿರಲಿ

ಬಣ್ಣ ಎಷ್ಟೇ ಒಳ್ಳೆಯದಿದ್ದರೂ ಮಾದರಿ ಸರಿಯಿಲ್ಲದಿದ್ದರೆ ಫಲಿತಾಂಶ ಸರಿಬರುವುದಿಲ್ಲ. ಬಾಯಿಯ ಎಂಜಲು ಸಾಲದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು. ಬೆಳಗ್ಗೆ ಎದ್ದಾಗ ಬರುವ ಕಫ ಉತ್ತಮ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಕಫ ಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಉಚಿತ.