ಕರಗುವ ಹೊಲಿಗೆಯಿಂದ ಕೊಳೆಯುವ ಚೀಲದವರೆಗೆ

ಆಸ್ಪತ್ರೆಯಲ್ಲಿ ದುಡಿಯುವ ನಮಗೆ ಕರಗುವ ಹೊಲಿಗೆ ದಾರ ಹೊಸದಲ್ಲ. ಈಗ ಅಂಗಡಿಗಳಲ್ಲಿ ‘ಬಯೋಡಿಗ್ರೇಡೆಬಲ್’ ಎಂದು ಬರೆದ ಚೀಲ, ಲೋಟಗಳೂ ಕಾಣುತ್ತಿವೆ. ಇವುಗಳಲ್ಲಿ ಹಲವು ಆ ದಾರದ ವಂಶದವೇ.

ಹಿಂದೆ ಗಾಯ ಹೊಲಿಯಲು ಕುರಿ, ದನಗಳ ಕರುಳಿನಿಂದ ಮಾಡಿದ ‘ಕ್ಯಾಟ್‌ಗಟ್’ ಬಳಸುತ್ತಿದ್ದರು. 1932ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ವಾಲೇಸ್ ಕ್ಯಾರೊದರ್ಸ್, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲದಿಂದ ಪಾಲಿಮರ್ ತಯಾರಿಸಿದರು. ಅದೇ ಇಂದಿನ ಪಿಎಲ್‌ಎ. ತೇವಕ್ಕೆ ಒಡೆಯುವುದು ಅದರ ದೋಷವಾಗಿತ್ತು. ವೈದ್ಯರಿಗೆ ಬೇಕಾದದ್ದು ಆ ದೋಷವೇ! 1974ರಲ್ಲಿ ಬಂದ ವಿಕ್ರಿಲ್ ದಾರದಲ್ಲಿ ಈ ಆಮ್ಲದ ಪಾಲೂ ಇದೆ. 2002ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದಿಂದ ಪಿಎಲ್‌ಎ ತಯಾರಿಸುವ ದೊಡ್ಡ ಕಾರ್ಖಾನೆಯೇ ಶುರುವಾಯಿತು.

ಆದರೆ ಪಿಎಲ್‌ಎ ಬಾಗಿಸಿದರೆ ಮುರಿಯುತ್ತದೆ, 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಆ ಲೋಟ ಇಟ್ಟರೆ ಏನಾದೀತು, ಊಹಿಸಿ. ಬಾಗಲೆಂದು ಪಿಬಿಎಟಿ ಎಂಬ ಮೆದು ಪಾಲಿಮರ್ ಬೆರೆಸಿದರು. ಚೀಲ ಬಾಗಿತು, ಬಿಗಿ ಕಡಿಮೆಯಾಯಿತು. ಎರಡೂ ಎಣ್ಣೆ ನೀರಿನಂತೆ ಸರಿಯಾಗಿ ಬೆರೆಯುವುದೂ ಇಲ್ಲ.

ಇದಕ್ಕೆ ದಾರಿ ತೋರಿದ್ದು ಜೇಡಿಮಣ್ಣು. ಫಾರ್ಮಸಿ ಡಿಪ್ಲೊಮಾದಲ್ಲಿ ನಾವು ಓದಿದ ಬೆಂಟೊನೈಟ್‌ನಲ್ಲಿರುವ ಮಾಂಟ್‌ಮೊರಿಲೋನೈಟ್ ಇದೇ. ಇದರ ಒಂದೊಂದು ಪದರ ಸುಮಾರು ಒಂದು ನ್ಯಾನೊಮೀಟರ್ ದಪ್ಪ, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. 1980ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಶೋಧಕರು ನೈಲಾನ್‌ಗೆ ನೂರಕ್ಕೆ ಐದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಈ ಮಣ್ಣು ಬೆರೆಸಿದರು. ಭಾರ ಹೊತ್ತಾಗ ನೈಲಾನ್ ಬಾಗುವ ಶಾಖಮಟ್ಟ 65 ಡಿಗ್ರಿಯಿಂದ 145ರ ಆಸುಪಾಸಿಗೆ ಏರಿತು. ಮುಂದೆ ಇದೇ ಉಪಾಯವನ್ನು ಪಿಎಲ್‌ಎ ಮಿಶ್ರಣಗಳಿಗೂ ತಂದರು. ಮಣ್ಣಿನ ತೆಳು ಪದರಗಳು ಬಿಗಿ ಕೊಡುತ್ತವೆ, ಗಾಳಿ ತೇವಾಂಶಗಳ ದಾರಿಯನ್ನು ಸುತ್ತುಬಳಸು ಮಾಡುತ್ತವೆ. ಮರದ ನಾರಿನಿಂದ ತೆಗೆದ ನ್ಯಾನೊ ಸೆಲ್ಯುಲೋಸನ್ನೂ ಹೀಗೆ ಬಳಸುತ್ತಾರೆ.

ಗುಟ್ಟಿರುವುದು ಹದದಲ್ಲಿ. ಔಷಧದ ಪುಡಿ ಬಾಟಲಿಯ ತಳದಲ್ಲಿ ಗಂಟು ಕಟ್ಟಿದರೆ ಡೋಸ್ ಕೆಡುತ್ತದೆ. ಇಲ್ಲಿ ಮಣ್ಣು ಗಂಟು ಕಟ್ಟಿದರೆ ಚೀಲ ಅಲ್ಲೇ ಹರಿಯುತ್ತದೆ.

ಒಂದು ಮಾತು ಮರೆಯಬಾರದು. ಪಿಎಲ್‌ಎ ಬೇಗ ಕೊಳೆಯಲು ಕಾಂಪೋಸ್ಟ್ ಘಟಕದ 58 ಡಿಗ್ರಿಯಷ್ಟು ಶಾಖ, ತೇವ, ಸೂಕ್ಷ್ಮಜೀವಿಗಳು ಬೇಕು. ಮರಳಿನಲ್ಲೋ ಸಮುದ್ರದಲ್ಲೋ ಬಿಸಾಡಿದರೆ ಅದೂ ಬಹುಕಾಲ ಉಳಿಯುತ್ತದೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಯುಎಇಯಲ್ಲಿ 2024ರ ಜನವರಿಯಿಂದ ಒಮ್ಮೆ ಬಳಸಿ ಎಸೆಯುವ ಚೀಲಕ್ಕೆ ನಿಷೇಧವಿದೆ. ವಿಜ್ಞಾನ ಇನ್ನೂ ಒಳ್ಳೆಯ ಚೀಲ ಕೊಡಲಿ. ಅಲ್ಲಿಯವರೆಗೆ ಊರಿನಿಂದ ತಂದ ಬಟ್ಟೆಚೀಲ ನಮ್ಮ ಕೈಯಲ್ಲಿರಲಿ.