ಮುಚ್ಚಿದ ಪೊಟ್ಟಣದ ವ್ಯಾಪಾರ

ರಟ್ಟು ಮೊದಲು ಬಂತು, ಚಿತ್ರ ಆಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಿಗರೇಟುಗಳು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದವು. ಜೇಬಿಗೆ ಹಾಕಿಕೊಂಡರೆ ಒಳಗಿನದ್ದು ಮುರಿಯುತ್ತಿತ್ತು. ಪೊಟ್ಟಣ ಗಟ್ಟಿಯಾಗಿರಲೆಂದು ಒಂದು ರಟ್ಟಿನ ತುಂಡು ಸೇರಿಸಿದರು. ಹೇಗೂ ರಟ್ಟು ಹಾಕುತ್ತೇವಲ್ಲ, ಅದನ್ನೇಕೆ ಬೋಳಾಗಿ ಬಿಡಬೇಕು ಎಂದು ಅದರ ಮೇಲೆ ಚಿತ್ರ ಅಚ್ಚು ಹಾಕತೊಡಗಿದರು. 1887ರಲ್ಲಿ ವರ್ಜೀನಿಯಾದ ರಿಚ್ಮಂಡಿನ ಆಲನ್ ಅಂಡ್ ಗಿಂಟರ್ ಕಂಪನಿ ‘ಜಗತ್ತಿನ ಚಾಂಪಿಯನ್ನರು’ ಎಂಬ 50 ಕಾರ್ಡುಗಳ ಮಾಲೆ ತಂದಿತು. ಬೇಸ್‌ಬಾಲ್ ಆಟಗಾರರ ಜೊತೆಗೆ ಕುಸ್ತಿಯವರು, ದೋಣಿ ಓಡಿಸುವವರು, ಬಿಲಿಯರ್ಡ್ಸ್ ಆಡುವವರೂ ಅದರಲ್ಲಿದ್ದರು. ಮುಂಬದಿಯ ಬಣ್ಣದ ಲಿಥೋ ಚಿತ್ರ ಚೆಂದ, ನಿಜ. ಆದರೆ ವ್ಯಾಪಾರದ ಚಾಣಾಕ್ಷತನವೆಲ್ಲ ಹಿಂಬದಿಯಲ್ಲಿತ್ತು. ಅಲ್ಲಿ ಐವತ್ತೂ ಜನರ ಹೆಸರಿನ ಪಟ್ಟಿ ಅಚ್ಚಾಗಿತ್ತು. ನಿಮ್ಮ ಹತ್ತಿರ ಯಾರಿಲ್ಲ ಎಂಬುದನ್ನು ಕಂಪನಿಯೇ ನಿಮಗೆ ಹೇಳುತ್ತಿತ್ತು.

ನಾನು ಇಡೀ ಸರ್ವೀಸು ಬೆಂಗಳೂರಿನ ಆಫ್‌ಸೆಟ್ ಪ್ರೆಸ್ಸುಗಳಲ್ಲಿ ಕಳೆದವನು. ಮದುವೆ ಕಾಗದ, ಕ್ಯಾಲೆಂಡರು, ಔಷಧಿ ಪೆಟ್ಟಿಗೆ, ಎಲ್ಲ ಅಚ್ಚು ಹಾಕಿದ್ದೇನೆ. ಹಾಗಾಗಿ ಮಕ್ಕಳ ಕೈಯಲ್ಲಿ ಒಂದು ಕಾರ್ಡು ಕಂಡರೆ ನನಗೆ ಮೊದಲು ಹೊಳೆಯುವುದು ಅದು ಕತ್ತರಿಸಿ ಬಂದ ದೊಡ್ಡ ಶೀಟು. ಒಂದು ಶೀಟಿನಲ್ಲಿ ಇಷ್ಟು ಕಾರ್ಡು. ಯಾವ ಚಿತ್ರವನ್ನು ಎಷ್ಟು ಸಲ ಕೂರಿಸಬೇಕೆಂದು ಪ್ಲೇಟು ಮಾಡುವಾಗಲೇ ತೀರ್ಮಾನವಾಗಿರುತ್ತದೆ. ‘ಅಪರೂಪದ ಕಾರ್ಡು’ ಎಂದು ಮಕ್ಕಳು ಕುಣಿಯುತ್ತಾರಲ್ಲ, ಅದು ಮರದಲ್ಲಿ ಬೆಳೆದದ್ದಲ್ಲ. ಯಾರೋ ಲೆಕ್ಕ ಹಾಕಿ ಕಡಿಮೆ ಅಚ್ಚು ಹಾಕಿಸಿದ್ದು.

ಅಕ್ಕನ ಮಗಳು ಮೊನ್ನೆ ಫೋನು ಮಾಡಿ, “ಮಾವಾ, ನಮ್ಮ ಪುಟ್ಟಂಗೆ ಪೋಕೆಮಾನ್ ಕಾರ್ಡು ಬೇಕಂತೆ, ಕ್ಲಾಸಲ್ಲಿ ಎಲ್ಲರ ಹತ್ರ ಇದೆಯಂತೆ. ನೀವು ಪ್ರೆಸ್ಸಿನವರಲ್ವಾ, ಯಾವುದು ಒರಿಜಿನಲ್, ಎಷ್ಟು ತಗೊಳ್ಳಲಿ ಹೇಳಿ” ಎಂದಳು. ಪುಟ್ಟನಿಗೆ ಏಳು ವರ್ಷ. ಅವಳ ಪ್ರಶ್ನೆಗೆ ಉತ್ತರ ಒಂದು ಮಾತಿನದ್ದು, ಕೊನೆಯಲ್ಲಿ ಹೇಳುತ್ತೇನೆ. ಆ ಉತ್ತರ ಯಾಕೆ ಎನ್ನುವುದಕ್ಕೆ ಮಾತ್ರ ನೂರು ವರ್ಷಕ್ಕೂ ಮಿಕ್ಕಿದ ಹಿನ್ನೆಲೆಯಿದೆ.

ಇಂಗ್ಲೆಂಡಿನಲ್ಲಿ ವಿಲ್ಸ್, ಜಾನ್ ಪ್ಲೇಯರ್ ಕಂಪನಿಗಳು 1890ರ ದಶಕದಲ್ಲಿ ಸಿಗರೇಟು ಕಾರ್ಡಿನ ಈ ಉಪಾಯವನ್ನು ಹಿಡಿದವು. ಸಿಗರೇಟು ಅಪ್ಪಂದಿರಿಗೆ, ಕಾರ್ಡು ಮಕ್ಕಳಿಗೆ. ತಂಬಾಕಿನಂಗಡಿಯ ಬಾಗಿಲಲ್ಲಿ ಹುಡುಗರು ನಿಂತು, ಹೊರಗೆ ಬಂದವರನ್ನೆಲ್ಲ ಕಾರ್ಡು ಕೊಡಿ ಎಂದು ಕಾಡುವುದು ಅಲ್ಲಿನ ಬೀದಿಯ ನಿತ್ಯದ ನೋಟವಾಯಿತು. ಗೋಡೆಗೆ ಕಾರ್ಡು ಚಿಮ್ಮಿ ಗೆಲ್ಲುವ ಆಟ ಹುಟ್ಟಿತು. ಭಾರತಕ್ಕೂ ಬಂತು: ‘ಸಿಸರ್ಸ್’ ಸಿಗರೇಟಿನ ಪ್ಯಾಕುಗಳಲ್ಲಿ ಇಲ್ಲಿಗೆಂದೇ ಅಚ್ಚಾದ ಮಾಲೆಗಳಿದ್ದವು, ಅವುಗಳಲ್ಲೊಂದು ಭಾರತೀಯ ಸೇನೆಯ ರೆಜಿಮೆಂಟುಗಳದ್ದು. ಹೆಚ್ಚಾಗಿ ದಂಡಿನ ಪ್ರದೇಶಗಳ ಸೋಲ್ಜರುಗಳಿಗೆ ಮಾರುತ್ತಿದ್ದ ಸಿಗರೇಟಾದ್ದರಿಂದ ಅದರಲ್ಲಿ ನಟಿಯರ ಚಿತ್ರಗಳಿಗೂ ಕೊರತೆಯಿರಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಕಾಗದಕ್ಕೆ ಬರ ಬಂದು ಇಂಗ್ಲೆಂಡಿನ ಕಾರ್ಡುಗಳು ನಿಂತುಹೋದವು. ಎರಡನೆಯ ಸಲ, 1940ರಲ್ಲಿ ನಿಂತದ್ದು ಹಿಂದಿನ ವೈಭವಕ್ಕೆ ಮತ್ತೆ ಮರಳಲಿಲ್ಲ.

ಅಮೆರಿಕದಲ್ಲಿ 1909ರಿಂದ 1911ರವರೆಗೆ ಬಂದ ಬೇಸ್‌ಬಾಲ್ ಮಾಲೆಯೊಂದರಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡಿನ ಅಚ್ಚು ಬೇಗನೆ ನಿಂತಿತು. ತನ್ನ ಮುಖ ನೋಡಿ ಮಕ್ಕಳು ತಂಬಾಕು ಕೊಳ್ಳುವುದು ಬೇಡವೆಂದು ಆತ ತಡೆದ ಎನ್ನುತ್ತಾರೆ ಕೆಲವರು. ದುಡ್ಡಿನ ವಿಷಯಕ್ಕೆ ಮುನಿದ ಎನ್ನುತ್ತಾರೆ ಇನ್ನು ಕೆಲವರು. ಅಂತೂ ಉಳಿದದ್ದು ಕೆಲವೇ ಪ್ರತಿ. ಅವುಗಳಲ್ಲಿ ಅತ್ಯಂತ ಚೊಕ್ಕದೆಂದು ಹೆಸರಾದ ಒಂದನ್ನು ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ 1991ರಲ್ಲಿ 4,51,000 ಡಾಲರಿಗೆ ಕೊಂಡ. ಅದರ ಅಂಚುಗಳು ಹರಿತ, ಮೂಲೆಗಳು ಚೂಪು. ಎಂಬತ್ತು ವರ್ಷ ಹಳೆಯ ರಟ್ಟಿಗೆ ಅಂಥ ಮೂಲೆ ಎಲ್ಲಿಂದ ಬರಬೇಕು? ಕಟಿಂಗ್ ಮಷಿನ್ ಓಡಿಸಿದ ಯಾರೇ ಆದರೂ ಕೇಳುವ ಪ್ರಶ್ನೆ ಅದು. 2013ರಲ್ಲಿ ಹರಾಜುದಾರ ಬಿಲ್ ಮ್ಯಾಸ್ಟ್ರೋ ಬೇರೊಂದು ವಂಚನೆಯ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದಾಗ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆನೆಂದು ಒಪ್ಪಿಕೊಂಡ. ನನಗೇನೂ ಆಶ್ಚರ್ಯವಾಗಲಿಲ್ಲ.

ಸಿಗರೇಟು ಬಿಟ್ಟು ಬಬಲ್ ಗಮ್ಮಿಗೆ ಬಂದಾಗ ಗಿರಾಕಿ ನೇರವಾಗಿ ಮಗುವೇ ಆಯಿತು. 1933ರಲ್ಲಿ ಗೌಡಿ ಎಂಬ ಗಮ್ ಕಂಪನಿ ಒಂದು ಸೆಂಟಿಗೆ ಒಂದು ಗಮ್, ಒಂದು ಕಾರ್ಡು ಕೊಡತೊಡಗಿತು. ಮಾಲೆಯಲ್ಲಿ 240 ಕಾರ್ಡು. ಒಂದು ಶೀಟಿಗೆ 24ರಂತೆ ಅಚ್ಚಾದವು. ಮಕ್ಕಳು ಕೂಡಿಹಾಕಿದರು, ಬದಲಾಯಿಸಿಕೊಂಡರು, ಮತ್ತೆ ಕೊಂಡರು. 106ನೆಯ ಕಾರ್ಡು ಮಾತ್ರ ಯಾವ ಊರಿನಲ್ಲೂ ಯಾರಿಗೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅದನ್ನು ಅಚ್ಚೇ ಹಾಕಿರಲಿಲ್ಲ. ಕೊನೆಗೆ ಕಂಪನಿಗೆ ಕಾಗದ ಬರೆದು ದೂರಿದವರಿಗೆ ಮರುವರ್ಷ ನ್ಯಾಪ್ ಲಾಜೊವೇ ಎಂಬ ಹಳೆಯ ಆಟಗಾರನ ಚಿತ್ರವನ್ನು 106 ಎಂದು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದರು. ಕಾಗದಕ್ಕೆ ಪೇಪರ್ ಕ್ಲಿಪ್ಪಿನಿಂದ ಸಿಕ್ಕಿಸಿ ಕಳಿಸಿದ್ದರಿಂದ ಈಗ ಉಳಿದಿರುವ ಪ್ರತಿಗಳಲ್ಲಿ ಹಲವಕ್ಕೆ ತಲೆಯ ಹತ್ತಿರ ಕ್ಲಿಪ್ಪಿನ ತುಕ್ಕುಗೆರೆಯಿದೆ. ಈ ಇಡೀ ಇತಿಹಾಸದಲ್ಲಿ ನನಗೆ ಬಲು ಇಷ್ಟವಾದ ಕಾರ್ಡು ಇದೇ. ಮುಚ್ಚಿದ ಪೊಟ್ಟಣದ ಗುಟ್ಟು ಆ ಗೆರೆಯಲ್ಲಿದೆ, ಮತ್ತು ಕಾಗದ ಬರೆದು ಜಗಳಕ್ಕೆ ನಿಂತ ಆ ಮಕ್ಕಳ ಹಟವೂ ಅಲ್ಲೇ ಇದೆ.

ಟಾಪ್ಸ್ ಎಂಬ ಇನ್ನೊಂದು ಗಮ್ ಕಂಪನಿಯ 1952ರ ಕಥೆ ಬಹಳ ಜನಕ್ಕೆ ಗೊತ್ತು. ಅಲ್ಲಿನ ಸೈ ಬರ್ಗರ್ ಮತ್ತು ವುಡಿ ಗೆಲ್ಮನ್ ಬ್ರೂಕ್ಲಿನ್ನಿನ ಮನೆಯೊಂದರ ಅಡಿಗೆಮನೆ ಮೇಜಿನ ಮೇಲೆ ರಟ್ಟು, ಕತ್ತರಿ ಇಟ್ಟುಕೊಂಡು ವಿನ್ಯಾಸ ಮಾಡಿದ 407 ಕಾರ್ಡುಗಳ ಮಾಲೆ ಅದು. ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಕಾಲ ಮುಗಿಯುತ್ತ ಬಂದಿತ್ತು, ಮಾಲು ಉಳಿಯಿತು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಬರ್ಗರ್ ತಾನೇ ಹೇಳಿಕೊಂಡಿದ್ದಾನೆ. ಆ ಕಂತಿನ, ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ತಮಾಷೆಯೆಂದರೆ, ಮ್ಯಾಂಟಲ್ ಆ ಕಂತಿನ ಶೀಟಿನಲ್ಲಿ ಎರಡೆರಡು ಸಲ ಇದ್ದ ಕಾರ್ಡು; ಪಕ್ಕದ ಎಷ್ಟೋ ಹೆಸರುಗಳು ಅದಕ್ಕಿಂತ ಕಡಿಮೆ ಅಚ್ಚಾಗಿವೆ. ಬೆಲೆ ಬಂದದ್ದು ಅಪರೂಪದಿಂದಲ್ಲ, ಆ ಹೆಸರಿನ ಮೇಲೆ ದೊಡ್ಡವರಿಗಿದ್ದ ಬಾಲ್ಯದ ಮೋಹದಿಂದ. ‘ಈಗ ಕೊಂಡಿಟ್ಟರೆ ಮಗು ಕಾಲೇಜಿಗೆ ಹೋಗುವಾಗ ಫೀಸಿಗಾಗುತ್ತದೆ’ ಎನ್ನುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಎಲ್ಲರೂ ಜೋಪಾನ ಮಾಡಿದ ಕಾರ್ಡಿಗೆ ಬೆಲೆ ಬರುವುದಿಲ್ಲ. ಸಮುದ್ರಕ್ಕೆ ಬಿದ್ದದ್ದು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಅನ್ನಿಸಿ ಹಾಳು ಮಾಡಿದ್ದು, ಅಮ್ಮಂದಿರು ಗುಡಿಸಿ ಎಸೆದದ್ದು, ಇಷ್ಟೆಲ್ಲ ಹೋಗಿ ಉಳಿದದ್ದಕ್ಕೆ ಬೆಲೆ.

ಜಪಾನಿನಲ್ಲಿ 1971ರಲ್ಲಿ ಕ್ಯಾಲ್ಬಿ ಕಂಪನಿ ಕಾಮೆನ್ ರೈಡರ್ ಎಂಬ ಟಿವಿ ವೀರನ ಹೆಸರಿನ ಕುರುಕಲು ತಿಂಡಿಯ ಜೊತೆ ಕಾರ್ಡು ಕೊಟ್ಟಿತು. ಮಕ್ಕಳು ಕಾರ್ಡು ಇಟ್ಟುಕೊಂಡು ತಿಂಡಿಯನ್ನು ಬೀದಿಗೆ ಎಸೆದರು. ಅದೇ ಒಂದು ಸಾಮಾಜಿಕ ಪಿಡುಗೆಂದು ಪತ್ರಿಕೆಗಳಲ್ಲಿ ಚರ್ಚೆಯಾಯಿತು.

ನಮ್ಮಲ್ಲಿ? ನಾನು ತಿಪಟೂರಿನಲ್ಲಿ ಬೆಳೆಯುವಾಗ ಕಾರ್ಡು ಎಂಬುದೇ ಇರಲಿಲ್ಲ, ಬೆಂಕಿಪೊಟ್ಟಣದ ಪಟಗಳಿದ್ದವು. ಕೊಂಡು ತರುವಂಥದ್ದಲ್ಲ, ಬಸ್‌ಸ್ಟ್ಯಾಂಡಿನಲ್ಲಿ, ಬೀಡಿ ಅಂಗಡಿ ಮುಂದೆ ಆರಿಸಿ ತರುವಂಥದ್ದು. ಎಲ್ಲ ಹೊರಗೇ ಕಾಣುತ್ತಿದ್ದುದರಿಂದ ಮೋಸವಿರಲಿಲ್ಲ. 1980ರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಬಂತು. ಕ್ರಿಕೆಟ್ ಆಟಗಾರರ ಚಿತ್ರದ ಜೊತೆ ರನ್ನು, ವಿಕೆಟ್ಟು ಅಚ್ಚಾಗಿರುತ್ತಿತ್ತು. ಕೂಡಿಸಿ ಕೊಟ್ಟರೆ ಸರಸರ ಪುಟ ಮಗುಚಿ ನೋಡುವ ಚಿಕ್ಕ ಪುಸ್ತಕ ಸಿಗುತ್ತಿತ್ತು. ತೊಂಬತ್ತರ ದಶಕ ಕುಸ್ತಿಯವರ ಟ್ರಂಪ್ ಕಾರ್ಡುಗಳದ್ದು. ಎತ್ತರ, ತೂಕ, ಎದೆ ಸುತ್ತಳತೆ, ಗೆದ್ದ ಪಂದ್ಯ ಎಂದು ಅಂಕಿ ಹೇಳಿ ಎದುರಾಳಿಯ ಕಾರ್ಡು ಕಿತ್ತುಕೊಳ್ಳುವ ಆಟ. ಈಗ ಫೋನು ಮಾಡಿದ ಸೊಸೆಯೇ ಆಗ ಅಂಡರ್‌ಟೇಕರನ ಕಾರ್ಡನ್ನು ಕಾಪಿ ಪುಸ್ತಕದ ಬೈಂಡಿನೊಳಗೆ ಅಡಗಿಸಿಡುತ್ತಿದ್ದಳು. ಆ ಅಗ್ಗದ ಪ್ಯಾಕುಗಳ ಅಚ್ಚು ನೋಡಿದರೆ ನನಗೆ ಸಂಕಟವಾಗುತ್ತಿತ್ತು: ರಿಜಿಸ್ಟರ್ ತಪ್ಪಿ ಕೆಂಪು ಒಂದು ಕಡೆ, ನೀಲಿ ಒಂದು ಕಡೆ, ಮೂರು ದಿನಕ್ಕೆ ಮೂಲೆ ಸಿಪ್ಪೆ ಸುಲಿಯುವ ರಟ್ಟು. ಆದರೆ ಒಂದು ದೊಡ್ಡ ಗುಣವಿತ್ತು. ಒಂದು ಪ್ಯಾಕು ಕೊಂಡರೆ ಇಡೀ ಆಟ ಕೈಗೆ ಬರುತ್ತಿತ್ತು. ಒಳಗೇನಿದೆ ಎಂಬ ಜೂಜು ಇರಲಿಲ್ಲ.

ಇನ್ನು ಪೋಕೆಮಾನ್. ಇದರ ಹುಟ್ಟಿನಲ್ಲೇ ವಿನಿಮಯವಿದೆ. ಇದನ್ನು ಹುಟ್ಟುಹಾಕಿದ ಸತೋಶಿ ತಾಜಿರಿ ಚಿಕ್ಕವನಿದ್ದಾಗ ಹುಳ ಹುಪ್ಪಟೆ ಹಿಡಿಯುವ ಹುಚ್ಚಿನವನು. 1996ರ ಫೆಬ್ರವರಿಯಲ್ಲಿ ಬಂದ ವಿಡಿಯೋ ಗೇಮನ್ನು ಕೆಂಪು, ಹಸಿರು ಎಂದು ಎರಡು ಬಗೆಯಾಗಿ ಮಾಡಿದರು. ಒಂದರಲ್ಲಿರುವ ಕೆಲವು ಪ್ರಾಣಿ ಇನ್ನೊಂದರಲ್ಲಿಲ್ಲ, ಗೆಳೆಯನ ಜೊತೆ ಕೇಬಲ್ ಜೋಡಿಸಿ ಬದಲಾಯಿಸಿಕೊಳ್ಳದೆ ಪೂರ್ತಿಯಾಗದು. ಅದೇ ಅಕ್ಟೋಬರಿನಲ್ಲಿ ಕಾರ್ಡು ಬಂತು. 1999ರ ಜನವರಿಯಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಇಂಗ್ಲಿಷಿಗೆ ತಂದಿತು. ಮೊದಲ ಮಾಲೆಯಲ್ಲಿ 102 ಕಾರ್ಡು, ಒಂದು ಮುಚ್ಚಿದ ಪ್ಯಾಕೆಟ್ಟಿನಲ್ಲಿ 11, ಅದರಲ್ಲಿ ‘ರೇರ್’ ಒಂದೇ. ಆ ರೇರ್ ಮಿನುಗುವ ಫಾಯಿಲಿನದ್ದಾಗಿರುವುದು ಸುಮಾರು ಮೂರು ಪ್ಯಾಕೆಟ್ಟಿಗೊಮ್ಮೆ. ಮಿತ್ಸುಹಿರೊ ಅರಿಟಾ ಬರೆದ ಬೆಂಕಿಯುಗುಳುವ ಚಾರಿಜಾರ್ಡ್ ಅಂಥ ಮಿನುಗುವ ಹದಿನಾರರಲ್ಲೊಂದು. ವರ್ಷ ತಿರುಗುವುದರೊಳಗೆ ಅಮೆರಿಕದ ಎಷ್ಟೋ ಶಾಲೆಗಳು ಕಾರ್ಡು ತರಬಾರದೆಂದು ನಿಷೇಧಿಸಿದವು. ದೊಡ್ಡ ಹುಡುಗರು ಚಿಕ್ಕವರನ್ನು ಮೋಸಗೊಳಿಸಿ ಒಳ್ಳೆಯದನ್ನು ಹೊಡೆಯುತ್ತಿದ್ದರು. ಇದು ಮಕ್ಕಳಿಗೆ ಜೂಜು ಕಲಿಸುವುದೆಂದು ಪೋಷಕರು ಕೋರ್ಟಿಗೂ ಹೋದರು. ಆಟಗಾರರ ಕಾರ್ಡುಗಳ ಮೇಲಿನ ಅಂಥದೇ ಹಲವು ದಾವೆಗಳನ್ನು 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ತಳ್ಳಿಹಾಕಿತು. ಬಯಸಿದ ಕಾರ್ಡು ಬರಲಿಲ್ಲವೆಂಬ ನಿರಾಸೆ ಕಾನೂನಿನ ಕಣ್ಣಿನಲ್ಲಿ ನಷ್ಟವಲ್ಲ ಎಂಬುದು ಅದರ ಸಾರ. ಕಾನೂನು ಹಾಗೆ ಹೇಳಬಹುದು. ಪ್ಯಾಕೆಟ್ಟು ಹರಿದು, ಇದ್ದದ್ದೇ ಮತ್ತೆ ಬಂದಾಗ ಏಳು ವರ್ಷದ ಹುಡುಗನ ಮುಖ ನೋಡಿದ ಯಾರೂ ಹಾಗೆ ಹೇಳಲಾರರು.

ಹಾಗಾದರೆ ಸೊಸೆಗೆ ಹೇಳಿದ್ದೇನು? ಮೊದಲಿಗೆ ಮುಚ್ಚಿದ ಪ್ಯಾಕೆಟ್ಟು ಬೇಡ, ಒಳಗೇನಿದೆಯೆಂದು ಪೆಟ್ಟಿಗೆಯ ಮೇಲೆ ಬರೆದಿರುವ ತಯಾರು ಡೆಕ್, ಅಂದರೆ ಆಡಲು ಜೋಡಿಸಿಟ್ಟ ಕಾರ್ಡಿನ ಕಟ್ಟು, ಕೊಡಿಸು. ಒಂದಲ್ಲ, ಎರಡು. ಒಂದು ಅವನಿಗೆ, ಒಂದು ನಿನಗೆ. ಪೂರ್ತಿ ಆಟಕ್ಕೆ ಒಬ್ಬರಿಗೆ 60 ಕಾರ್ಡು ಬೇಕು. ಅದು ಭಾರವೆನಿಸಿದರೆ ಚಿಕ್ಕ ಮಕ್ಕಳಿಗೆಂದೇ 2023ರಲ್ಲಿ ಬಂದ ‘ಮೈ ಫಸ್ಟ್ ಬ್ಯಾಟಲ್’ ಪೆಟ್ಟಿಗೆಯಲ್ಲಿ 17 ಕಾರ್ಡಿನ ಪುಟಾಣಿ ಡೆಕ್ಕುಗಳಿವೆ, ಸಿಕ್ಕರೆ ಅದೇ ಸಾಕು. ಕಾರ್ಡಿನ ಮೇಲಿನ ಬರಹವೆಲ್ಲ ಇಂಗ್ಲಿಷು, ಅಕ್ಷರ ಸಾಸಿವೆಯಷ್ಟು. ದೊಡ್ಡವರು ಪಕ್ಕದಲ್ಲಿ ಕೂತು ಓದಿ ಹೇಳದಿದ್ದರೆ ಮಗುವಿಗೆ ಉಳಿಯುವುದು ಚಿತ್ರ ಮತ್ತು ಬೆಲೆ, ಎರಡೇ.

ಒರಿಜಿನಲ್ ಯಾವುದೆಂದೂ ಕೇಳಿದ್ದಳಲ್ಲ. ಬಜಾರಿನಲ್ಲಿ 55 ಕಾರ್ಡಿನ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಟ್ಟು ಸಿಗುತ್ತದೆ. ಎಲ್ಲವೂ ಮಿನುಗುತ್ತವೆ, ಒಂದೂ ಅಸಲಿಯಲ್ಲ. ಅಸಲಿ ಕಾರ್ಡು ಎರಡು ಪದರ ಕಾಗದದ ನಡುವೆ ತೆಳ್ಳನೆಯ ಕಪ್ಪು ಪದರವಿಟ್ಟು ಮಾಡಿದ್ದು. ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದರೆ ಬೆಳಕು ಸಲೀಸಾಗಿ ಹಾಯುವುದಿಲ್ಲ. ಅಂಚನ್ನು ದಿಟ್ಟಿಸಿ ನೋಡಿದರೆ ಆ ಕಪ್ಪು ಗೆರೆ ಕಾಣುತ್ತದೆ. ನಕಲಿಯದ್ದು ಸಾಮಾನ್ಯ ಆರ್ಟ್ ಕಾರ್ಡು, ಟಾರ್ಚು ಆಚೆಗೆ ಹೊಳೆಯುತ್ತದೆ. ಹಿಂಬದಿಯ ನೀಲಿಯನ್ನೂ ಒಂದು ಅಸಲಿ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿ. ನಕಲು ಮಾಡುವವರು ಎಡವುವುದು ಹೆಚ್ಚಾಗಿ ಆ ನೀಲಿಯಲ್ಲೇ.

ಮುಚ್ಚಿದ ಪ್ಯಾಕೆಟ್ಟು ಹುಟ್ಟುಹಬ್ಬಕ್ಕೋ ಪರೀಕ್ಷೆ ಮುಗಿದಾಗಲೋ ಒಂದು ಬಂದರೆ ಸಾಕು. ಶಾಲೆಗೆ, ಪಾರ್ಕಿಗೆ ಬದಲಾಯಿಸಿಕೊಳ್ಳಲು ಒಯ್ಯುವುದು ಎರಡೆರಡು ಇರುವ ಕಾರ್ಡುಗಳನ್ನು ಮಾತ್ರ, ಪ್ರೀತಿಯದ್ದು ಮನೆಯಲ್ಲಿರಲಿ. ಮಗು ಮಿನುಗುವ ಕಾರ್ಡನ್ನು ಕೊಟ್ಟು, ನಿಮಗೆ ಏನೇನೂ ಅನ್ನಿಸದ ಒಂದು ಹಕ್ಕಿಯ ಚಿತ್ರವನ್ನು ತಂದರೆ ದಯವಿಟ್ಟು ಮೊಬೈಲ್ ತೆಗೆದು ಅದರ ರೇಟು ನೋಡಿ ಬೈಯಬೇಡಿ.