ಚಿತ್ರಕಥೆಯ ಗೀಳು ಮತ್ತು ಹನ್ನೊಂದನೆಯ ಸಂಚಿಕೆ

ಮನುಷ್ಯನಿಗೆ ಹೊಟ್ಟೆಪಾಡಿನ ಉದ್ಯೋಗ ಒಂದಾದರೆ ಮನಸ್ಸಿನ ಉದ್ಯೋಗ ಇನ್ನೊಂದು. ಮೊದಲನೆಯದನ್ನು ಅರಸಿಕೊಂಡು ನಾವು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೆ ಬಂದೆವು. ಎರಡನೆಯದನ್ನು ಊರಿನಿಂದಲೇ ಗಂಟು ಕಟ್ಟಿ ತಂದೆವು. ಒಬ್ಬರಿಗೆ ಸಂಗೀತ, ಒಬ್ಬರಿಗೆ ತಾಳಮದ್ದಲೆ, ಮತ್ತೊಬ್ಬರಿಗೆ ಅಂಚೆಚೀಟಿ ಇಲ್ಲವೆ ಹಳೆಯ ನಾಣ್ಯ. ಇವಕ್ಕೆಲ್ಲ ಸಮಾಜದಲ್ಲಿ ಒಂದು ಮರ್ಯಾದೆಯುಂಟು. ಆದರೆ ಮೀಸೆ ಬಂದ ಗೃಹಸ್ಥರೊಬ್ಬರು ಚಿತ್ರಕಥೆಯ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆಂದರೆ ಕೇಳಿದವರು ನಕ್ಕುಬಿಡುತ್ತಾರೆ; ‘ಇನ್ನೂ ಮಕ್ಕಳಾಟವೇ?’ ಎನ್ನುತ್ತಾರೆ. ಈ ನಗೆಗೆ ಗುರಿಯಾದ ಹವ್ಯಾಸದ ಚರಿತ್ರೆಯನ್ನು ನಾಡಹಬ್ಬದ ಈ ಸಂಚಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ಅದರಲ್ಲಿ ಕನ್ನಡದ ಪಾಲೊಂದುಂಟು. ಬಹುಮಂದಿ ಕನ್ನಡಿಗರಿಗೇ ತಿಳಿಯದೆ ಹೋದ ಪಾಲು.

ಇಂಥ ಹವ್ಯಾಸಿಗಳನ್ನು ಇಂದಿನ ತರುಣರು ‘ಗೀಕ್’ ಎಂದು ಕರೆಯುತ್ತಾರೆ. ಶಬ್ದದ ಪೂರ್ವೋತ್ತರ ಅಷ್ಟೇನೂ ಗೌರವದ್ದಲ್ಲ. ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಹಲ್ಲಿನಿಂದ ಕಚ್ಚಿ ಜನರನ್ನು ಬೆರಗುಗೊಳಿಸುತ್ತಿದ್ದ ಆಟಗಾರನಿಗೆ ಆ ಹೆಸರಿತ್ತು. ಕಾಲಕ್ರಮದಲ್ಲಿ ಅದು ಗಣಕಯಂತ್ರ, ವಿಜ್ಞಾನಕಥೆ, ಚಿತ್ರಕಥೆ ಮುಂತಾದ ಯಾವುದಾದರೊಂದು ವಿಷಯದಲ್ಲಿ ಮುಳುಗಿ ಲೋಕವನ್ನೇ ಮರೆತವನಿಗೆ ಅಂಟಿಕೊಂಡಿತು, ಬೈಗುಳವೇ ಬಿರುದಾಯಿತು. ನಮ್ಮ ‘ಗೀಳು’ ಎಂಬ ಮಾತಿಗೂ ಅದಕ್ಕೂ ನಂಟಿಲ್ಲ. ಆದರೂ ಅರ್ಥದಲ್ಲಿ ಇವೆರಡೂ ಅಣ್ಣತಮ್ಮಂದಿರಂತೆ ಕಾಣುವುದು ಸೋಜಿಗ.

ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವುದು ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಹಂಪೆಯ ಹಜಾರರಾಮ ದೇವಾಲಯದ ಗೋಡೆಯಲ್ಲಿ ರಾಮಾಯಣವು ಪಟ್ಟಿಪಟ್ಟಿಯಾಗಿ ಕೆತ್ತಲ್ಪಟ್ಟಿದೆ. ಪ್ರದಕ್ಷಿಣೆ ಬಂದಂತೆ ಕಥೆಯೂ ಮುಂದೆ ಸಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಇದೇ ಬಗೆ. ತೊಗಲುಗೊಂಬೆಯಾಟದವರು ಊರೂರಿಗೆ ಹೊತ್ತು ತಿರುಗಿದ್ದೂ ಚಿತ್ರದ ಕಥೆಯನ್ನೇ. ಓದು ಬಾರದವನಿಗೂ ಕಾವ್ಯ ದಕ್ಕಬೇಕೆಂಬ ಹಂಬಲ ಇವೆಲ್ಲದರ ಬೇರು.

ಅಚ್ಚಿನ ಯಂತ್ರದಿಂದ ಇದೇ ಕಲೆ ಅಗ್ಗದ ಕಾಗದಕ್ಕೆ ಇಳಿದಾಗ ಮಾತ್ರ ಹಿರಿಯರು ಹುಬ್ಬು ಗಂಟಿಕ್ಕಿದರು. ಅಮೆರಿಕದಲ್ಲಿ 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಸಂಚಿಕೆಯ ಬೆಲೆ 10 ಸೆಂಟು. ಹತ್ತು ವರ್ಷಗಳ ತರುವಾಯ, 1948ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಇಂಥ ಪುಸ್ತಕಗಳನ್ನು ಗುಡ್ಡೆಹಾಕಿ ಬೆಂಕಿಯಿಟ್ಟರು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು, ಮಕ್ಕಳು ಕೆಡುವುದಕ್ಕೆ ಇವೇ ಕಾರಣವೆಂದು ದೊಡ್ಡ ಗ್ರಂಥವನ್ನೇ ಬರೆದರು. ಅದೇ ವರ್ಷ ಸೆನೆಟ್ಟಿನಲ್ಲಿ ವಿಚಾರಣೆ ನಡೆಯಿತು. ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಸುಟ್ಟು, ಎಸೆದು, ಯುದ್ಧಕಾಲದಲ್ಲಿ ಹಳೆಯ ಕಾಗದಕ್ಕೆ ಹಾಕಿ ಉಳಿದವು ಬೆರಳೆಣಿಕೆಯಷ್ಟು. ಆ 10 ಸೆಂಟಿನ ಪುಸ್ತಕದ ಒಂದು ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೆ ಹೋಯಿತು. ಕಸವೆಂದು ಎಲ್ಲರೂ ಎಸೆದುದೇ ಆ ಬೆಲೆಗೆ ಕಾರಣ.

ನಮ್ಮ ದೇಶದ ಮಾತಿಗೆ ಬರೋಣ. ಲೀ ಫಾಕ್ ಎಂಬವರು 1936ರಲ್ಲಿ ಸೃಷ್ಟಿಸಿದ ‘ಫ್ಯಾಂಟಮ್’ 1950ರ ದಶಕದಲ್ಲಿ ‘ಇಲಸ್ಟ್ರೇಟೆಡ್ ವೀಕ್ಲಿ’ಯ ಮೂಲಕ ನಮ್ಮ ಇಂಗ್ಲಿಷ್ ಬಲ್ಲ ಮನೆಗಳನ್ನು ಹೊಕ್ಕಿದ್ದ. ದೇಶಭಾಷೆಯ ಮನೆಗಳಲ್ಲಿ ‘ಚಂದಮಾಮ’ನ ಬೆಳಕಿತ್ತು. ಮದರಾಸಿನಲ್ಲಿ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ಆ ಮಾಸಪತ್ರಿಕೆ 1948ರಲ್ಲಿ ಕನ್ನಡಕ್ಕೆ ಬಂದಿತು. ಅದು ಶುದ್ಧ ಚಿತ್ರಕಥೆಯಲ್ಲ, ಕಥೆಗೆ ಚಿತ್ರ ಸೇರಿಸಿದ ಪತ್ರಿಕೆ. ಆದರೂ ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರು ಬಿಡಿಸಿದ ಮಹಾಭಾರತದ ಮುಖಪುಟಗಳನ್ನು ಕಂಡವರಿಗೆ ಭೀಷ್ಮನೆಂದರೆ ಅದೇ ಭೀಷ್ಮ, ಕರ್ಣನೆಂದರೆ ಅದೇ ಕರ್ಣ.

1964ರ ಮಾರ್ಚ್‌ನಲ್ಲಿ ಮುಂಬಯಿಯ ಟೈಮ್ಸ್ ಸಂಸ್ಥೆಯಿಂದ ‘ಇಂದ್ರಜಾಲ್ ಕಾಮಿಕ್ಸ್’ ಹೊರಟಿತು. ಮೊದಲ ಸಂಚಿಕೆಗಳೆಲ್ಲ ಫ್ಯಾಂಟಮನವೇ. ಮುಂದೆ ಮಾಂತ್ರಿಕ ಮ್ಯಾಂಡ್ರೇಕ್ ಬಂದ. 1976ರಲ್ಲಿ ಆಬಿದ್ ಸುರ್ತಿಯವರ ಸೃಷ್ಟಿಯಾದ ‘ಬಹಾದುರ್’ ಎಂಬ ನಮ್ಮವನೇ ಆದ ನಾಯಕನೂ ಬಂದ. ಹಲವು ಭಾರತೀಯ ಭಾಷೆಗಳಲ್ಲಿ ಹರಡಿ 1990ರಲ್ಲಿ ನಿಂತುಹೋಗುವಷ್ಟರಲ್ಲಿ ಸಂಚಿಕೆಗಳ ಸಂಖ್ಯೆ 800ನ್ನು ದಾಟಿತ್ತು.

ಈ ಪುಸ್ತಕಗಳು ಭಾಷೆಯಿಂದ ಭಾಷೆಗೆ ಇಷ್ಟು ಸುಲಭವಾಗಿ ನಡೆದದ್ದರ ಗುಟ್ಟು ಅಚ್ಚಿನ ಮನೆಯಲ್ಲಿದೆ. ಬಣ್ಣದ ಚಿತ್ರಕ್ಕೆ ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಅಚ್ಚಿನ ಫಲಕಗಳು. ಮಾತುಗಳೆಲ್ಲ ಇರುವುದು ಕಪ್ಪಿನ ಫಲಕದಲ್ಲಿ. ಅದೊಂದನ್ನು ಬದಲಿಸಿದರೆ ಅದೇ ಚಿತ್ರ ಇನ್ನೊಂದು ಭಾಷೆಯಲ್ಲಿ ಮಾತಾಡುತ್ತದೆ. ಕಷ್ಟವೆಲ್ಲ ಅನುವಾದಕನದು: ಇಂಗ್ಲಿಷಿನ ಗಾತ್ರಕ್ಕೆ ಬರೆದ ಮಾತಿನ ಗುಳ್ಳೆಯೊಳಗೆ, ವಿಭಕ್ತಿಪ್ರತ್ಯಯಗಳನ್ನು ಬಾಲದಂತೆ ಎಳೆದುಕೊಂಡು ಬರುವ ಕನ್ನಡದ ಶಬ್ದವನ್ನು ಕೂಡಿಸಬೇಕು, ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡಬೇಕು. ಇದೂ ಒಂದು ಶಿಲ್ಪವೇ.

ಇಂದ್ರಜಾಲದ ಕಾಲದಲ್ಲಿ ಟೈಮ್ಸ್ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ದುಡಿಯುತ್ತಿದ್ದವರು ಅನಂತ ಪೈ. ಅವರು 1929ರ ಸೆಪ್ಟೆಂಬರ್ 17ರಂದು ನಮ್ಮ ಕಾರ್ಕಳದಲ್ಲಿ, ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದವರು. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. ರಸಾಯನ ತಂತ್ರಶಾಸ್ತ್ರ ಓದಿದರೂ ಮನಸ್ಸು ಮಕ್ಕಳ ಪುಸ್ತಕಗಳ ಕಡೆಗೆ ಓಡಿತು. 1967ರಲ್ಲಿ ದಿಲ್ಲಿಯಲ್ಲಿ ದೂರದರ್ಶನದ ಒಂದು ರಸಪ್ರಶ್ನೆಯ ಕಾರ್ಯಕ್ರಮವನ್ನು ಅವರು ಕಂಡರಂತೆ. ಗ್ರೀಕ್ ದೇವತೆಗಳ ವಿಷಯದಲ್ಲಿ ಚುರುಕಾಗಿ ಉತ್ತರ ಕೊಟ್ಟ ಮಕ್ಕಳು, ರಾಮನ ತಾಯಿ ಯಾರೆಂಬ ಪ್ರಶ್ನೆಗೆ ತಡವರಿಸಿದರು. ಆ ಕಳವಳದಿಂದಲೇ ‘ಅಮರ ಚಿತ್ರಕಥೆ’ ಹುಟ್ಟಿತೆಂಬುದು ಪೈಯವರೇ ಹೇಳುತ್ತಿದ್ದ, ಜನಜನಿತವಾದ ವೃತ್ತಾಂತ. ಇಂಡಿಯಾ ಬುಕ್ ಹೌಸಿನ ಮೀರ್‌ಚಂದಾನಿಯವರು ಪ್ರಕಾಶಕರಾಗಿ ಒದಗಿದರು.

ಆದರೆ ಸಂಗ್ರಾಹಕರು ಲೆಕ್ಕದಲ್ಲಿ ಗಟ್ಟಿಗರು. ಇಂಗ್ಲಿಷಿನ ಅಮರ ಚಿತ್ರಕಥೆಯಲ್ಲಿ ‘ಕೃಷ್ಣ’ ಮೊದಲನೆಯ ಕಥೆ. ಅದರ ಸಂಖ್ಯೆ ಮಾತ್ರ 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಇದಕ್ಕೆ ಉತ್ತರ ಹೇಳಿದವರು ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪರವಾಗಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ. ಕೆ. ಅನಂತರಾಮ್. ಅವರ ಮಾತಿನಂತೆ, 1965ರಲ್ಲಿ ಅಮರ ಚಿತ್ರಕಥೆ ಮೊದಲು ಕಣ್ಣುಬಿಟ್ಟದ್ದು ಕನ್ನಡದಲ್ಲಿ. ಮೊದಲ ಹತ್ತು ಸಂಚಿಕೆಗಳು ಕನ್ನಡದವಾದ್ದರಿಂದಲೇ ಇಂಗ್ಲಿಷಿನ ಎಣಿಕೆ ಹನ್ನೊಂದರಿಂದ ಆರಂಭವಾಯಿತು. ಅವು ಚೆನ್ನಾಗಿ ಮಾರಾಟವಾದುದನ್ನು ಕಂಡು ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂದಿತು. ಪೈಯವರ ಕೈಗೆ ಕೆಲಸ ಸೇರಿತು.

ಹಿರಿಮೆ ಯಾರದೆಂದು ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಆ ಹತ್ತು ಕನ್ನಡ ಸಂಚಿಕೆಗಳಲ್ಲಿದ್ದವು ‘ಸಿಂಡರೆಲಾ’ದಂಥ ಪಾಶ್ಚಾತ್ಯ ಮಕ್ಕಳ ಕಥೆಗಳು. ಮಾತು ನಮ್ಮದು, ಕಥೆ ಅವರದು. ಕೃಷ್ಣನಿಂದ ಮುಂದಕ್ಕೆ ಕಥೆ ನಮ್ಮದು, ಮಾತು ಇಂಗ್ಲಿಷು! ದೇಶಭಾಷೆಯಲ್ಲಿ ಚಿತ್ರಕಥೆಗೆ ಓದುಗರಿದ್ದಾರೆಂದು ಬೆಂಗಳೂರು ತೋರಿಸಿಕೊಟ್ಟಿತು. ಆ ಚಿತ್ರಕಥೆಯಲ್ಲಿ ಏನನ್ನು ಹೇಳಬೇಕೆಂದು ಕಾರ್ಕಳದಲ್ಲಿ ಹುಟ್ಟಿದವರು ತೋರಿಸಿಕೊಟ್ಟರು. ಎರಡೂ ಕಡೆ ಕನ್ನಡನಾಡಿನ ಮಣ್ಣಿದೆ ಎಂಬಷ್ಟೇ ನಮ್ಮ ಸಂತೋಷ.

ಆ ಬಳಿಕದ ಕಥೆ ಎಲ್ಲರಿಗೂ ತಿಳಿದದ್ದು. ರಾಮ ವಾಯೀರ್‌ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಮ್ ಮುಂತಾದ ಚಿತ್ರಕಾರರು ಸೇರಿದರು. ಪುರಾಣದ ಜತೆಗೆ ಕೃಷ್ಣದೇವರಾಯನೂ ತೆನಾಲಿ ರಾಮನೂ ಬಂದರು. 1980ರಲ್ಲಿ ‘ಟಿಂಕಲ್’ ಹೊರಟು, ಸುಪ್ಪಂಡಿಯ ಪೆದ್ದುತನ, ಶಿಕಾರಿ ಶಂಭುವಿನ ಪುಕ್ಕಲುತನ ಮನೆಮಾತಾದವು. ಅಜ್ಜಿ ಊರಿನಲ್ಲಿ, ಮೊಮ್ಮಕ್ಕಳು ಪರಊರಿನಲ್ಲಿ ಎಂಬಂತಾದ ನಮ್ಮಂಥ ಕುಟುಂಬಗಳಿಗೆ ಇದು ಸಣ್ಣ ಉಪಕಾರವಲ್ಲ. ಕಥೆ ಹೇಳುವವರಿಲ್ಲದ ಎರಡು ಕೋಣೆಯ ಮನೆಯಲ್ಲಿ ಧ್ರುವನೂ ಸಾವಿತ್ರಿಯೂ ಕಾಗದದ ಮೇಲಾದರೂ ಬಂದು ನಿಂತರು.

ದೋಷಗಳನ್ನೂ ಹೇಳಬೇಕು. ವೀರರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ ಬಿಡಿಸಲ್ಪಟ್ಟರು. ಹೆಣ್ಣೆಂದರೆ ತ್ಯಾಗವೇ ಎಂಬ ಧೋರಣೆ ಹೆಚ್ಚಾಯಿತು. ಹಲವು ಬಗೆಯಲ್ಲಿ ಹಬ್ಬಿದ್ದ ಕಥೆಗಳು ಒಂದೇ ಎರಕಕ್ಕೆ ಬಿದ್ದವು ಎಂದು ವಿದ್ವಾಂಸರು ಟೀಕಿಸಿದ್ದಾರೆ. ಟೀಕೆಯಲ್ಲಿ ಹುರುಳಿದೆ. 2008ರಲ್ಲಿ ನಂದಿನಿ ಚಂದ್ರ ಅವರೂ 2009ರಲ್ಲಿ ಕಾರ್ಲಿನ್ ಮೆಕ್ಲೇನ್ ಅವರೂ ಈ ಪುಸ್ತಕಗಳ ಮೇಲೆಯೇ ಗ್ರಂಥಗಳನ್ನು ಪ್ರಕಟಿಸಿದರು. ಮಕ್ಕಳಾಟವೆಂದು ನಕ್ಕದ್ದು ವಿಶ್ವವಿದ್ಯಾಲಯದ ವಿಷಯವಾಯಿತು! ಇಂಥ ವಿಮರ್ಶೆಗೂ ಮೊದಲು ಹಳೆಯ ಸಂಚಿಕೆಗಳು ಕೈಗೆ ಸಿಗಬೇಕಷ್ಟೆ.

ಅವನ್ನು ಉಳಿಸಿದವರು ಯಾರು? ತೆಳು ಹೊದಿಕೆಯ ಚಿತ್ರಕಥೆಯನ್ನು ಪುಸ್ತಕವೆಂದು ಎಣಿಸಿ ಕಪಾಟಿನಲ್ಲಿಟ್ಟ ಗ್ರಂಥಾಲಯಗಳು ವಿರಳ. ಉಳಿಸಿದವರು ಗೀಳಿನವರು. ಅವರ ತೀರ್ಥಕ್ಷೇತ್ರಗಳು ನಾವಿರುವ ಊರುಗಳಲ್ಲೇ ಇವೆ. ಮುಂಬಯಿಯಲ್ಲಿ ಫ್ಲೋರಾ ಫೌಂಟನಿನ ಹಾದಿಬದಿ, ಪುಣೆಯಲ್ಲಿ ಅಪ್ಪಾ ಬಳವಂತ ಚೌಕ, ಹೈದರಾಬಾದಿನಲ್ಲಿ ಆಬಿಡ್ಸಿನ ಭಾನುವಾರದ ಸಂತೆ. ಮದರಾಸಿನ ಮೂರ್ ಮಾರ್ಕೆಟ್ಟು 1985ರಲ್ಲಿ ಬೆಂಕಿಗೆ ಆಹುತಿಯಾಯಿತು; ದಿಲ್ಲಿಯ ದರಿಯಾಗಂಜಿನ ಭಾನುವಾರದ ಪುಸ್ತಕದಂಗಡಿಗಳನ್ನು 2019ರಲ್ಲಿ ಹಾದಿಬದಿಯಿಂದ ಎಬ್ಬಿಸಿ ಮಹಿಳಾ ಹಾಟಿಗೆ ಸಾಗಿಸಲಾಯಿತು. ಇಂಥ ಕಡೆ ಧೂಳಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹುಡುಕಿದವರೇ, ಯಾವ ಸಂಚಿಕೆ ಯಾವ ವರ್ಷದ್ದು, ಮುಖಪುಟ ಯಾರದು, ಮರುಮುದ್ರಣದಲ್ಲಿ ಏನು ಬದಲಾಯಿತು ಎಂದು ಪಟ್ಟಿ ಮಾಡಿದರು. ಶಾಸನ ಸಂಗ್ರಹಿಸುವವರ ಶ್ರದ್ಧೆಗೂ ಇವರ ಶ್ರದ್ಧೆಗೂ ಜಾತಿಭೇದವಿಲ್ಲ.

ಲೋಕವೂ ಕಡೆಗೆ ಈ ಗೀಳಿಗೆ ಮಣೆಹಾಕಿತು. 2011ರ ಫೆಬ್ರವರಿ 19ರಂದು ದಿಲ್ಲಿ ಹಾಟಿನಲ್ಲಿ ಭಾರತದ ಮೊದಲ ‘ಕಾಮಿಕ್ ಕಾನ್’ ಮೇಳ ಆರಂಭವಾದಾಗ ಅನಂತ ಪೈಯವರಿಗೆ ಜೀವಮಾನದ ಸಾಧನೆಯ ಗೌರವ ಸಂದಿತು. ಐದು ದಿನಗಳ ತರುವಾಯ, ಫೆಬ್ರವರಿ 24ರಂದು, ಮುಂಬಯಿಯಲ್ಲಿ ಅವರು ತೀರಿಕೊಂಡರು. ಮುಂದಿನ ವರ್ಷವೇ ಮೇಳ ಬೆಂಗಳೂರಿಗೂ ಬಂದಿತು. ಇಂದು ಅಲ್ಲಿ ವೇಷ ಕಟ್ಟಿ ನಲಿಯುವ ತರುಣರನ್ನು ಕಂಡು ಹಿರಿಯರು ಹುಬ್ಬೇರಿಸುವುದುಂಟು. ಆದರೆ ಮೆಚ್ಚಿದ ಕಥೆಯ ವೇಷವನ್ನು ಮೈಮೇಲೆ ಧರಿಸುವುದು ಯಕ್ಷಗಾನದ ನಾಡಿನವರಿಗೆ ಹೊಸತೇ?

ಇನ್ನು ನಮ್ಮ ಕರ್ತವ್ಯದ ಮಾತು. ಬಾಡಿಗೆಯ ಮನೆಯಿಂದ ಸ್ವಂತ ಮನೆಗೆ, ಹಿರಿಯರ ಕಾಲಾನಂತರ ಊರಿನ ಮನೆಯಿಂದ ಬೀಗದ ಕೈಗೆ, ಹೀಗೆ ವಲಸೆಯ ಸಂಸಾರ ಸ್ಥಳ ಬದಲಿಸಿದಾಗಲೆಲ್ಲ ಮೊದಲು ತಕ್ಕಡಿ ಏರುವುದು ಹಳೆಯ ಕಾಗದ. ಅಟ್ಟದ ಮೇಲಿನ ಟ್ರಂಕಿನಲ್ಲಿ 1965ರ ಆ ಹತ್ತು ಕನ್ನಡ ಸಂಚಿಕೆಗಳಲ್ಲಿ ಒಂದು, ಒಂದು ಹರಿದ ಚಂದಮಾಮ, ಹಳೆಯ ವಾರಪತ್ರಿಕೆಯಿಂದ ಕತ್ತರಿಸಿ ಹೊಲಿದ ಚಿತ್ರಕಥೆ ಇರಬಾರದೆಂದೇನಿಲ್ಲ. ರದ್ದಿಯವನು ಕೊಡುವುದು ಕಿಲೋದ ಲೆಕ್ಕ; ಅವನಿಗೆ ಕನ್ನಡವೂ ಒಂದೇ, ಬೇರೆ ಕಾಗದವೂ ಒಂದೇ. ಆದಕಾರಣ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಪುಟ ತಿರುವಿ ನೋಡೋಣ. ಹೆಸರು, ವರ್ಷ, ಸಂಖ್ಯೆ ಬರೆದಿಟ್ಟು, ಮನೆಯಲ್ಲಿ ಜಾಗವಿಲ್ಲದಿದ್ದರೆ ನಮ್ಮ ನಮ್ಮ ಸಂಘದ ವಾಚನಾಲಯಕ್ಕೆ ಒಪ್ಪಿಸೋಣ. ಮಕ್ಕಳಿಗೂ ತೋರಿಸೋಣ. ಕನ್ನಡ ಓದಲು ತಡವರಿಸುವ ಮಗು ಗದ್ಯದ ಪುಟವನ್ನು ಕಂಡು ಓಡಿದರೂ, ಚಿತ್ರದ ಬಾಯಿಂದ ಹೊರಟ ನಾಲ್ಕು ಮಾತನ್ನು ಅಕ್ಷರ ಕೂಡಿಸಿ ಓದಿಯೇ ಓದುತ್ತದೆ. ಮುಂದೆ ಏನಾಯಿತೆಂದು ಅದಕ್ಕೆ ತಿಳಿಯಬೇಕಲ್ಲ!

ಹತ್ತರ ಲೆಕ್ಕ ಕನ್ನಡದಲ್ಲಿದೆ. ಹನ್ನೊಂದರಿಂದ ಮುಂದಿನದನ್ನು ದೇಶವೆಲ್ಲ ಕಾಪಾಡಿಕೊಂಡಿದೆ. ಆ ಹತ್ತನ್ನು ಕಾಪಾಡಬೇಕಾದವರು ನಾವು.